ಗಾಳಿಕಂಬಕ್ಕೆ ಹೊಲ ಬರೆದುಕೊಡುವ ಮುಂಚೆ

ಗಾಳಿ ಕಂಪನಿಯ ಏಜೆಂಟರು ಊರಿಗೆ ಬಂದರೆ ಎಕರೆಗೆ ಎಷ್ಟು ಅನ್ನೋ ಮಾತೇ ಮೊದಲು ತೆಗೀತಾರ. ನಮ್ಮವರೂ ಅಷ್ಟನ್ನೇ ಕೇಳತಾರ. ಕಂಬದ ಜಾಗದ ರೇಟು ಈ ವ್ಯವಹಾರದಾಗ ಅರ್ಧ ಮಾತ್ರ. ಉಳಿದದ್ದು ದಾರಿ, ತಂತಿ, ಮಳೆನೀರು.

ಸವದತ್ತಿ ಗುಡ್ಡದ ಮೇಲಿನ ಗಾಳಿಯಂತ್ರ ನಮ್ಮ ನಾಗನೂರ ಕಡೆಯವರು ನೋಡಿದ್ದೇ. ಗದಗದ ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮ 1990ರ ದಶಕದಲ್ಲೇ ನಿಲ್ಲಿಸಿತ್ತು. ಅವು ಸಣ್ಣವು. ಈಗಿನವು 2-3 ಮೆಗಾವ್ಯಾಟಿನವು, ಕಂಬ 100 ಮೀಟರ್ ದಾಟತಾವ. ಎತ್ತರ ಹೋದಂಗ ಗಾಳಿ ಜೋರು, ಹಿಂಗಾಗಿ ಗುಡ್ಡ ಬಿಟ್ಟು ಬಯಲಿನ ಎರಿ ಹೊಲಕ್ಕೂ ಬರತಾರ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು. ಅದಕ್ಕೇ ಮೊದಲು ಅಳತೆ ಕಂಬ ನೆಟ್ಟು ವರ್ಷವಾದರೂ ಗಾಳಿ ಬರೆದುಕೊಳ್ಳತಾರ. ಕಾರಹುಣ್ಣಿಮೆಗೆ ಗಾಳಿಪಟ ಹಾರಿಸೋ ಗಾಳಿ ಬೇರೆ, ಸುಗ್ಗಿಯಾಗ ಜೋಳ ತೂರಲಿಕ್ಕೆ ನಮ್ಮನ್ನ ಕಾಯಿಸೋ ಗಾಳಿ ಬೇರೆ. ಅಳತೆ ಕಂಬ ಬಂತೆಂದರೆ ಯಂತ್ರ ಬಂತೆಂದಲ್ಲ. ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡರೆ ಅದು ಎಷ್ಟು ವರ್ಷಕ್ಕೆ ರದ್ದಾಗತದ ಅಂತ ಬರೆಸಿರಿ. ಇಲ್ಲದಿದ್ದರೆ ಹೊಲ ಸುಮ್ಮನೆ ಕಟ್ಟಿಬೀಳತದ.

ದೊಡ್ಡ ತಕರಾರು ದಾರಿಯದು. ಐವತ್ತು ಮೀಟರಿಗೂ ಉದ್ದದ ರೆಕ್ಕೆ ಒಂದೇ ತುಂಡಾಗಿ ಬರತದ, ಹಿಂದೆ ಕ್ರೇನು. ಗರಸು ಹಾಕಿ ಎತ್ತರಿಸಿದ ದಾರಿ ಎರಿ ಹೊಲದಾಗ ಒಡ್ಡಿನಂಗ ನಿಲ್ಲತದ. ಮೇಲಿನವನ ಹೊಲದಾಗ ನೀರು ನಿಂತು ಕಡ್ಲಿ ಕೊಳೀತದ, ಕೆಳಗಿನವನಿಗೆ ಹಸಿ ಸಾಲೋದಿಲ್ಲ. ಇವರಿಬ್ಬರಿಗೂ ಕಂಬದ ರೊಕ್ಕ ಇಲ್ಲ! ಮೋರಿ ಎಲ್ಲೆಲ್ಲಿ ಬೇಕು ಅನ್ನೋದು ಮಳೆಯಾಗ ಹೊಲದಾಗ ನಿಂತವನಿಗೆ ಗೊತ್ತು, ನಕ್ಷೆ ಬರೆಯೋ ಇಂಜಿನಿಯರಿಗಲ್ಲ. ನಕ್ಷೆ ಆಗುವ ಮೊದಲೇ ಅಕ್ಕಪಕ್ಕದವರು ಕೂಡಿ ತೋರಿಸಬೇಕು. ಹಸಿ ಎರಿ ಮೇಲೆ ಕ್ರೇನು ಹಾಯ್ದರೆ ನೆಲ ಕಲ್ಲಾಗತದ. ಕೆಲಸ ಬ್ಯಾಸಿಗಿಯಾಗ ಅಂತ ಬರೆಸಿರಿ.

ತಂತಿ ವಿಷಯ. ಕೇಂದ್ರ ಸರಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಟವರ್ ಬುಡದ ಜಾಗಕ್ಕೆ ಭೂಮಿ ಬೆಲೆಯ ಎರಡು ಪಟ್ಟು, ತಂತಿ ಕೆಳಗಿನ ಪಟ್ಟಿಗೆ ನೂರಕ್ಕೆ 30 ಪರಿಹಾರ. ಆದರೆ ಅದು 66 ಕೆವಿ ಮತ್ತು ಮೇಲಿನ ಲೈನಿಗೆ. ಯಂತ್ರದಿಂದ ಯಂತ್ರಕ್ಕೆ ಎಳೆಯೋ 33 ಕೆವಿ ತಂತಿ ಅದರಾಗ ಬರೋದಿಲ್ಲ. ಅದರ ರೊಕ್ಕ ನೀವೇ ಕುಂತು ಮಾತಾಡಿ ಮುರಿಯಬೇಕು.

2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಸೇರಿಲ್ಲ. ಅಂದರೆ, ಕಾರ್ಖಾನೆಗೆ ಮಾಡಿದಂಗ ಊರವರ ಅಹವಾಲು ಸಭೆ ಕಡ್ಡಾಯವಿಲ್ಲ. ನಮ್ಮ ಮಾತು ನಡೆಯೋದು ಸಹಿ ಬೀಳೋತನಕ. ಮನೆಯಿಂದ 500 ಮೀಟರ್ ದೂರ ಇರಬೇಕೆಂದು 2016ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಹೊಲದಾಗ ಮನಿ ಮಾಡಿಕೊಂಡವರು ಹಗ್ಗ ಹಿಡಿದು ಅಳೀರಿ.

ಲೀಸಿಗೆ ಕೊಡೋರು ಇನ್ನೊಂದು ಕೇಳಬೇಕು. ಯಂತ್ರದ ಆಯುಷ್ಯ ಸುಮಾರು 25 ವರ್ಷ. ಆಮೇಲೆ ನೆಲದೊಳಗಿನ ಕಾಂಕ್ರೀಟು ಒಡೆದು ತೆಗೆಯೋರು ಯಾರು, ಎಷ್ಟು ಆಳದತನಕ? ಒಂದು ಕಂಪನಿ ಇನ್ನೊಂದಕ್ಕೆ ಮಾರಿದರೆ ಆ ಮಾತು ಹೊಸಬನಿಗೂ ಲಾಗೂ ಆಗತದೋ ಇಲ್ಲೋ, ಅದೂ ಕಾಗದದಾಗ ಕನ್ನಡದಲ್ಲೇ ಇರಲಿ.