ಗೇರಿಲ್ಲದ ಗಾಡಿಗೆ ನಡುಕ ಬಂದಾಗ

ಬೆಳಗಿನ ಎಂಟೂವರೆಗೆ ಕೋಲಾರದ ಯಾವುದಾದರೂ ಶಾಲೆಯ ಮುಂದೆ ನಿಂತು ನೋಡಿ. ಕಾಲಬಳಿ ಪುಸ್ತಕದ ಚೀಲ, ಹಿಂದೆ ಮಗಳು, ಕೊಕ್ಕೆಗೆ ನೇತುಹಾಕಿದ ಬುತ್ತಿ. ಇಷ್ಟನ್ನೂ ಹೊತ್ತು ಬರುವುದು ಬಹುಪಾಲು ಗೇರಿಲ್ಲದ ಸ್ಕೂಟರು. ಹೊಸದರಲ್ಲಿ ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿದ್ದ ಗಾಡಿ, ಏಳೆಂಟು ವರ್ಷವಾದ ಮೇಲೆ ಹೊರಡುವಾಗ ಮಲೇರಿಯಾ ಬಂದವರಂತೆ ನಡುಗಲು ಶುರುಮಾಡುತ್ತದೆ. ಕನ್ನಡಿಗಳು ಅದುರುತ್ತವೆ, ಮುಂದಿನ ಫೈಬರ್ ಹೊದಿಕೆ ಗಡಗಡ ಎನ್ನುತ್ತದೆ. ನಾಲ್ಕು ಮಾರು ಹೋದ ಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಮನೆಯಲ್ಲಿ ‘ಹಳೇದಾಯ್ತು, ಇನ್ನೇನಾಗುತ್ತೆ’ ಎನ್ನುತ್ತಾರೆ. ಗ್ಯಾರೇಜಿನಲ್ಲಿ ‘ಕ್ಲಚ್ಚು, ಬೆಲ್ಟು, ರೋಲರು, ಪೂರ್ತಿ ಸೆಟ್ಟೇ ಬದಲಾಯಿಸಬೇಕು’ ಎಂಬ ಉತ್ತರ ಸಿಕ್ಕರೂ ಆಶ್ಚರ್ಯವಿಲ್ಲ. ಎರಡೂ ಮಾತು ನಿಜವಿರಬಹುದು. ಆದರೆ ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೇಳದೆ ಆಡಿದ ಮಾತುಗಳು ಅವು. ಕೇಳದ ಒಂದು ಪ್ರಶ್ನೆಗಾಗಿ ಸಾವಿರಾರು ರೂಪಾಯಿ ತೆರುವುದು ಮಾತ್ರ ಮನೆಯವರು.

ಈ ಗಾಡಿ ಜಿಲ್ಲೆಗೆ ಹೊರಗಿನದೇನೂ ಅಲ್ಲ. 1984ರಲ್ಲಿ ಕೈನೆಟಿಕ್ ಮತ್ತು ಹೋಂಡಾ ಕಂಪನಿಗಳು ಕೈಜೋಡಿಸಿದ ಮೇಲೆ ಗೇರು ಬದಲಾಯಿಸುವ ಕಷ್ಟವಿಲ್ಲದ ಸ್ಕೂಟರು ನಮ್ಮ ಊರುಗಳಲ್ಲಿ ಕಾಣಿಸಿಕೊಂಡಿತು. 2001ರಲ್ಲಿ ಆಕ್ಟಿವಾ ಬಂತು. 2013ರಲ್ಲಿ ಕೋಲಾರ ತಾಲ್ಲೂಕಿನ ನರಸಾಪುರದಲ್ಲೇ ಹೋಂಡಾದ ದ್ವಿಚಕ್ರ ವಾಹನ ಕಾರ್ಖಾನೆ ಶುರುವಾಯಿತು. ಬೆಂಗಳೂರು ಬಸ್ಸಿನ ಕಿಟಕಿಯಿಂದ ಆ ಕೈಗಾರಿಕಾ ಪ್ರದೇಶ ನೋಡಿದ ಹುಡುಗರಿಗೆ, ಅಲ್ಲಿ ತಯಾರಾಗುವ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂಬುದು ಮಾತ್ರ ಅಷ್ಟಾಗಿ ತಿಳಿಯದು.

ಗೇರಿಲ್ಲದ ಗಾಡಿ ಎಂಬುದೇ ಅರ್ಧ ಸುಳ್ಳು. ಎಡಗಡೆಯ ಉದ್ದನೆಯ ಮುಚ್ಚಳದೊಳಗೆ ಎರಡು ರಾಟೆಗಳಿವೆ. ಎರಡನ್ನೂ ಬಳಸಿಕೊಂಡು ಒಂದು ರಬ್ಬರ್ ಬೆಲ್ಟಿದೆ. ಈ ರಾಟೆಗಳು ಬಾವಿಯ ರಾಟೆಯಂತೆ ಒಂದೇ ಅಳತೆಯವಲ್ಲ. ಎದುರುಬದುರು ಇಟ್ಟ ಎರಡು ಓರೆ ತಟ್ಟೆಗಳೇ ಒಂದು ರಾಟೆ. ತಟ್ಟೆಗಳು ದೂರ ಸರಿದರೆ ಬೆಲ್ಟು ಆಳಕ್ಕೆ ಇಳಿಯುತ್ತದೆ, ಹತ್ತಿರ ಬಂದರೆ ಅಂಚಿಗೆ ಏರುತ್ತದೆ. ಮುಂದಿನ ರಾಟೆಯ ಒಳಗೆ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಜಾತ್ರೆಯ ತಿರುಗುವ ತೊಟ್ಟಿಲು ವೇಗ ಹೆಚ್ಚಿದಂತೆ ಹೊರಕ್ಕೆ ಹಾರುವುದಿಲ್ಲವೆ? ಎಂಜಿನ್ನಿನ ವೇಗ ಏರಿದಂತೆ ಈ ರೋಲರುಗಳೂ ಹೊರಕ್ಕೆ ಸರಿದು ತಟ್ಟೆಯನ್ನು ಒತ್ತುತ್ತವೆ. ಮುಂದೆ ಬೆಲ್ಟು ಮೇಲೇರುತ್ತದೆ, ಹಿಂದಿನ ರಾಟೆಯಲ್ಲಿ ಸ್ಪ್ರಿಂಗನ್ನು ಅಮುಕಿ ಕೆಳಗಿಳಿಯುತ್ತದೆ. ಮೊದಲನೆಯ ಗೇರಿನಿಂದ ನಾಲ್ಕನೆಯದಕ್ಕೆ ಮೆಟ್ಟಿಲು ಹತ್ತುವ ಬದಲು ಇಳಿಜಾರಿನಲ್ಲಿ ನಡೆದಂತೆ. ನೆದರ್ಲೆಂಡಿನ ಡಾಫ್ ಕಂಪನಿ 1958ರಲ್ಲಿ ಇದೇ ತತ್ವವನ್ನು ಪುಟ್ಟ ಕಾರಿಗೆ ಅಳವಡಿಸಿತ್ತು.

ಹಿಂದಿನ ರಾಟೆಯ ಬದಿಗೆ ಕ್ಲಚ್ಚಿದೆ. ಅದೂ ತಿರುಗುವ ತೊಟ್ಟಿಲಿನ ಸಂಬಂಧಿಯೇ. ವೇಗ ಸಾಕಷ್ಟು ಏರಿದಾಗ ಅದರ ಷೂಗಳು ಹೊರಕ್ಕೆ ಅರಳಿ, ಸುತ್ತಲಿನ ಉಕ್ಕಿನ ಬಟ್ಟಲನ್ನು ಹಿಡಿದುಕೊಂಡು ಚಕ್ರ ತಿರುಗಿಸುತ್ತವೆ.

ಈಗ ನಡುಕಕ್ಕೆ ಬರೋಣ. ಕೇಳಬೇಕಾದ ಪ್ರಶ್ನೆ ಒಂದೇ: ನಡುಕ ಯಾರ ಹಿಂದೆ ಹೋಗುತ್ತದೆ? ಎಂಜಿನ್ನಿನ ಹಿಂದೆಯೋ, ಚಕ್ರದ ಹಿಂದೆಯೋ, ಅಥವಾ ಹೊರಡುವ ಆ ಕ್ಷಣದ ಹಿಂದೆಯೋ?

ಇಲ್ಲಿ ಎಂಟನೇ ತರಗತಿಯ ಲೆಕ್ಕವೇ ಸಾಕು. ಹತ್ತಿಂಚಿನ ರಿಮ್ಮಿನ ಹಿಂದಿನ ಚಕ್ರಕ್ಕೆ ಟೈರೂ ಸೇರಿ ವ್ಯಾಸ ಸುಮಾರು 43 ಸೆಂಟಿಮೀಟರು. ಸುತ್ತಳತೆ ಸುಮಾರು 1.36 ಮೀಟರು. ಗಂಟೆಗೆ 40 ಕಿಲೋಮೀಟರೆಂದರೆ ಸೆಕೆಂಡಿಗೆ 11 ಮೀಟರು. ಅಂದರೆ ಚಕ್ರ ಸೆಕೆಂಡಿಗೆ ಎಂಟು ಸುತ್ತು ಸುತ್ತುತ್ತದೆ. ಅದೇ ಹೊತ್ತಿಗೆ ಎಂಜಿನ್ ನಿಮಿಷಕ್ಕೆ 4,500 ಸುತ್ತಿನಲ್ಲಿದ್ದರೆ ಸೆಕೆಂಡಿಗೆ 75 ಆಯಿತು. ಎಂಟರ ಕಂಪನ ಸೀಟಿನಲ್ಲಿ ‘ದಡ್ ದಡ್’ ಎಂದು ತಿಳಿಯುತ್ತದೆ. ಎಪ್ಪತ್ತೈದರದು ಅಂಗೈಯಲ್ಲಿ ಜುಮ್ಮೆನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗುತ್ತದೆ. ಆವೃತ್ತಿ ಎಂಬ ಪದವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು ಒಮ್ಮೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಗಮನವಿಟ್ಟು ಕುಳಿತರೆ ಅದು ಮತ್ತೆ ಮರೆಯುವುದಿಲ್ಲ.

ಮೊದಲು ಗಾಡಿಯನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಬೇಕು. ನಿಂತಲ್ಲೇ ಜೋರಾಗಿ ಅದುರಿದರೆ ಬೆಲ್ಟನ್ನೂ ಕ್ಲಚ್ಚನ್ನೂ ಸದ್ಯಕ್ಕೆ ಬಿಟ್ಟುಬಿಡಿ. ಸ್ಪಾರ್ಕ್ ಪ್ಲಗ್ಗು, ಏರ್ ಫಿಲ್ಟರು, ಎಂಜಿನ್ ಕೂರಿಸಿದ ಜಾಗದ ರಬ್ಬರ್ ಬುಷ್ಷು ನೋಡಬೇಕು. ಬುಷ್ಷು ಸವೆದರೆ ಎಂಜಿನ್ನಿನ ಸಹಜ ಕಂಪನವೇ ಚಾಸಿಗೆ ನೇರ ತಲುಪುತ್ತದೆ. ಅಗ್ಗದ ವಸ್ತುವಾದ್ದರಿಂದ ಅದರ ಹೆಸರು ಯಾರ ಬಾಯಿಗೂ ಬೇಗ ಬರುವುದಿಲ್ಲ.

ನಿಂತಾಗ ಶಾಂತ, ಹೊರಡುವಾಗ ಮಾತ್ರ ನಡುಕ. ಇದೇ ಅತಿ ಸಾಮಾನ್ಯವಾದ ಕಾಯಿಲೆ. ಇದನ್ನು ತಿಳಿಯಲು ತರಗತಿಯ ಕಪ್ಪುಹಲಗೆಯೇ ಒಳ್ಳೆಯ ಯಂತ್ರ. ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಮುಂದಕ್ಕೆ ತಳ್ಳಿದರೆ ಅದು ಗೆರೆ ಎಳೆಯುವುದಿಲ್ಲ, ಕಿರ್‍ರೆಂದು ಕುಣಿದು ಚುಕ್ಕೆ ಚುಕ್ಕೆ ಇಡುತ್ತದೆ. ನಿಂತ ವಸ್ತುವಿನ ಘರ್ಷಣೆ ಜಾರುತ್ತಿರುವ ವಸ್ತುವಿನದಕ್ಕಿಂತ ಹೆಚ್ಚು. ಸೀಮೆಸುಣ್ಣ ಅಂಟುತ್ತದೆ, ಬಾಗುತ್ತದೆ, ಪಟಕ್ಕನೆ ಬಿಡುತ್ತದೆ, ಮತ್ತೆ ಅಂಟುತ್ತದೆ. ಕ್ಲಚ್ಚಿನ ಷೂಗಳೂ ಬಟ್ಟಲನ್ನು ಹೀಗೆಯೇ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿದಾಗ ಇಡೀ ಗಾಡಿ ನಡುಗುತ್ತದೆ. ಷೂಗಳ ಮೈ ಕಾದು ಗಾಜಿನಂತೆ ಹೊಳಪಾಗಿರಬಹುದು, ಬಟ್ಟಲಿನಲ್ಲಿ ಗೀರು ಬಿದ್ದಿರಬಹುದು, ಒಳಗೆ ದೂಳು ತುಂಬಿರಬಹುದು. ಪೂರ್ತಿ ವೇಗ ಹಿಡಿದ ಮೇಲೆ ಷೂ ಜಾರುವುದೇ ಇಲ್ಲ. ಆದ್ದರಿಂದ ನಡುಕವೂ ಇಲ್ಲ.

ದೂಳೆಂದರೆ ಮಾಲೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಹೆಂಚು, ಇಟ್ಟಿಗೆ ಗೂಡುಗಳ ಹಾದಿಯಲ್ಲಿ ದಿನಾ ಓಡಾಡುವ ಗಾಡಿ ನುಣುಪಾದ ಜೇಡಿಮಣ್ಣನ್ನೇ ಉಸಿರಾಡುತ್ತದೆ. ಬೆಲ್ಟಿನ ಪೆಟ್ಟಿಗೆ ತಣ್ಣಗಿರಲು ಅದಕ್ಕೂ ಗಾಳಿ ಬೇಕು. ಗಾಳಿಯ ಜತೆ ಮಣ್ಣೂ ಬರುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ನಡೆಯುವುದು ಬೇರೆ ಹಿಂಸೆ. ಕಾಲಬಳಿ ಒಂದು, ಹಿಂದೆ ಒಂದು ಹಣ್ಣಿನ ಕ್ರೇಟು ಹೇರಿ ತೋಟದ ಏರುದಾರಿಯಲ್ಲಿ ನಿಧಾನ ಹೊರಟರೆ ಷೂಗಳು ಬಹಳ ಹೊತ್ತು ಜಾರುತ್ತಲೇ ಇರಬೇಕಾಗುತ್ತದೆ. ಜಾರಿದಷ್ಟೂ ಬಿಸಿ. ಎರಡು ಕಡೆಯೂ ಲಕ್ಷಣ ಒಂದೇ, ಕಾರಣ ಬೇರೆ. ಒಂದಕ್ಕೆ ಬಿಚ್ಚಿ ಶುಚಿ ಮಾಡಿದರೆ ಸಾಕಾಗಬಹುದು, ಇನ್ನೊಂದಕ್ಕೆ ಷೂ ಬದಲಾಯಿಸದೆ ಗತಿಯಿಲ್ಲ. ಶುಚಿ ಮಾಡುವವರು ಆ ದೂಳನ್ನು ಬಾಯಿಂದ ಊದಬಾರದು. ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸುವ ಚಪಲವೂ ಬೇಡ. ಬೆಲ್ಟಿಗೆ ದುಪಟ್ಟಾ, ಪಂಚೆಯ ಅಂಚು, ಬೆರಳು ಎಲ್ಲವೂ ಒಂದೇ.

ಹೊರಡುವುದು ಸುಗಮ, ಆದರೆ ಎಂಜಿನ್ನಿನ ಸದ್ದು ಏರಿದರೂ ವೇಗ ಏರದು; ಅಥವಾ ನಡುವೆ ಒಮ್ಮೆ ತಡೆದು ಆಮೇಲೆ ಜಿಗಿಯುತ್ತದೆ ಎನ್ನುವುದಾದರೆ ದೃಷ್ಟಿ ರಾಟೆಯ ಕಡೆ ಹೋಗಬೇಕು. ದುಂಡಗಿರಬೇಕಾದ ರೋಲರು ಒಂದು ಪಕ್ಕ ಸವೆದು ಚಪ್ಪಟೆಯಾದರೆ ಸರಾಗವಾಗಿ ಉರುಳದೆ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲ್ಟು ಸವೆದು ಅಗಲ ಕಡಿಮೆಯಾದರೆ ರಾಟೆಯಲ್ಲಿ ಕೂರಬೇಕಾದ ಎತ್ತರದಲ್ಲಿ ಕೂರುವುದಿಲ್ಲ. ಬೆಲ್ಟಿನ ಅಗಲಕ್ಕೆ ಕಂಪನಿಯ ಕೈಪಿಡಿಯಲ್ಲಿ ಕನಿಷ್ಠ ಮಿತಿ ಕೊಟ್ಟಿರುತ್ತಾರೆ. ವರ್ನಿಯರ್ ಕ್ಯಾಲಿಪರ್ಸನ್ನು ಪ್ರಯೋಗಾಲಯದ ಬೀರುವಿನಲ್ಲಿ ಬೀಗ ಹಾಕಿಡುವ ಬದಲು ಹೀಗೊಂದು ಹಳೆಯ ಬೆಲ್ಟಿಗೆ ಹಿಡಿಸಿದರೆ ಮಕ್ಕಳಿಗೆ ಅಳತೆಯ ಉಪಯೋಗ ಗೊತ್ತಾದೀತು.

ಮೂರನೆಯದು ನಿರ್ಲಕ್ಷಿಸಲೇಬಾರದ್ದು. ಮುಳಬಾಗಿಲಿನ ಹೆದ್ದಾರಿಯಲ್ಲಿ ಹೋಗುವಾಗ 45ರ ಸುತ್ತ ಹಿಂಬದಿ ಓಲಾಡುತ್ತದೆ ಅಥವಾ ಹ್ಯಾಂಡಲ್ ಕುಣಿಯುತ್ತದೆ ಎಂದುಕೊಳ್ಳಿ. ಆಕ್ಸಿಲರೇಟರ್ ಬಿಟ್ಟರೂ ಓಲಾಟ ನಿಲ್ಲದೆ, ವೇಗ ಇಳಿದಂತೆ ಅದರ ತಾಳವೂ ನಿಧಾನವಾದರೆ ಅದು ಚಕ್ರದ ಹಿಂದೆ ಹೋಗುವ ನಡುಕ. ಎಂಜಿನ್ನಿಗೂ ಬೆಲ್ಟಿಗೂ ಸಂಬಂಧವಿಲ್ಲ. ಟೈರಿನ ಗಾಳಿ, ಟೈರಿನ ಉಬ್ಬು, ಗುಂಡಿಗೆ ಬಿದ್ದು ಡೊಂಕಾದ ರಿಮ್ಮು, ಸವೆದ ಬೇರಿಂಗು, ಸಡಿಲವಾದ ಆಕ್ಸಲ್ ನಟ್ಟು: ಇವುಗಳಲ್ಲೊಂದು. ಹೊರಡುವಾಗಿನ ನಡುಕದಿಂದ ಹೆಚ್ಚೆಂದರೆ ದುಡ್ಡು ಹೋದೀತು, ಇದರಿಂದ ಜೀವ ಹೋಗಬಹುದು. ಮಕ್ಕಳನ್ನು ಕೂರಿಸಿಕೊಂಡು ‘ನಾಳೆ ನೋಡೋಣ’ ಎನ್ನುವ ಜಾತಿಯ ದೋಷವಲ್ಲ. ಓಡಿಸಿ ನೋಡುವವರು ಲೈಸೆನ್ಸ್ ಇರುವ ಹಿರಿಯರೇ ಆಗಿರಲಿ, ತಲೆಯ ಮೇಲೆ ಹೆಲ್ಮೆಟ್ ಇರಲಿ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಸೆರೆವಾಸದ ಶಿಕ್ಷೆಯನ್ನು 2019ರ ತಿದ್ದುಪಡಿಯೇ ಕಾನೂನಿಗೆ ಸೇರಿಸಿದೆ.

ಇದೇ ಪ್ರಶ್ನೆ ದೊಡ್ಡ ಗಾಡಿಗೂ ನಡೆಯುತ್ತದೆ. ಹಳೆಯ ಆಟೊಮ್ಯಾಟಿಕ್ ಸ್ಪೋರ್ಟ್ಸ್ ಕಾರೊಂದು ನಡುಗಿ, ಗೇರು ಒರಟಾಗಿ ಬಿದ್ದರೆ ಎಲ್ಲರ ಬೆರಳೂ ಗೇರ್‌ಬಾಕ್ಸಿನ ಕಡೆಗೇ ತಿರುಗುತ್ತದೆ. ಅಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯಲ್ಲಿ ಮುಳುಗಿದ ಎರಡು ರೆಕ್ಕೆಚಕ್ರಗಳಿರುತ್ತವೆ. ಒಂದು ಫ್ಯಾನಿನ ಗಾಳಿಗೆ ಎದುರಿನ ಫ್ಯಾನು ತಿರುಗಿದಂತೆ ಒಂದು ಇನ್ನೊಂದನ್ನು ತಿರುಗಿಸುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಈ ಎಣ್ಣೆ ಸಾಮಾನ್ಯವಾಗಿ ಕೆಂಪು. ಕಂದಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸಿನ ಮೇಲೆ ಅನುಮಾನ ಪಡಬಹುದು. ಎಣ್ಣೆ ಚೆನ್ನಾಗಿದ್ದು, ಬ್ರೇಕ್ ಒತ್ತಿ ನಿಂತಾಗಲೇ ನಡುಗುತ್ತಿದ್ದರೆ? ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 720 ಸುತ್ತಿನಲ್ಲಿ ಸೆಕೆಂಡಿಗೆ 24 ಬಾರಿ ಉರಿಯಬೇಕು. ಒಂದು ಪ್ಲಗ್ಗು ಕೈಕೊಟ್ಟರೆ ಸೆಕೆಂಡಿಗೆ ಆರು ಕುಲುಕು ಬೀಳುತ್ತದೆ. ಆರನ್ನು ಮೈಯೇ ಎಣಿಸಬಲ್ಲದು. ನ್ಯೂಟ್ರಲ್ಲಿಗೆ ಹಾಕಿದೊಡನೆ ನಡುಕ ಬಹುಪಾಲು ತಗ್ಗಿದರೆ ಎಂಜಿನ್ನಿನ ಕೆಳಗಿನ ರಬ್ಬರ್ ಮೌಂಟು ಹರಿದಿದೆಯೇ ನೋಡಬೇಕು. ಇಂಥ ಕಾರಿನ ಗೇರ್‌ಬಾಕ್ಸು ಬಿಚ್ಚಿದ ಖರ್ಚಿನ ಮುಂದೆ ಪ್ಲಗ್ಗಿನ ಬೆಲೆ ಕಾಫಿಯ ದುಡ್ಡಿನಂತೆ.

ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಕೋರ್ಸಿಗೆ ಸೇರುವ ಹುಡುಗ ಹುಡುಗಿಯರು ಸ್ಪ್ಯಾನರ್ ಹಿಡಿಯುವ ಮೊದಲೇ ಈ ಕೇಳುವ ಕ್ರಮವನ್ನು ಮನೆಯ ಗಾಡಿಯಲ್ಲೇ ಕಲಿಯಬಹುದು. ಒಂದು ಹಾಳೆಯಲ್ಲಿ ಬರೆದಿಡಲಿ: ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಒಬ್ಬರೋ ಇಬ್ಬರೋ, ಎಷ್ಟು ವೇಗದಲ್ಲಿ ಬಂತು, ಆಕ್ಸಿಲರೇಟರ್ ಬಿಟ್ಟಾಗ ಏನಾಯಿತು. ಆ ಹಾಳೆಯೊಡನೆ ಗ್ಯಾರೇಜಿಗೆ ಹೋದರೆ ಒಳ್ಳೆಯ ಮೆಕ್ಯಾನಿಕ್ ಸಂತೋಷಪಡುತ್ತಾನೆ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ತನ್ನಿ. ಚಪ್ಪಟೆಯಾದ ರೋಲರನ್ನು ಮೇಜಿನ ಮೇಲೆ ಉರುಳಿಸಿದರೆ ಅದೇ ಕಥೆ ಹೇಳುತ್ತದೆ.

ರಿಪೇರಿಯಾದ ಮೇಲೆ ಅದೇ ರಸ್ತೆಯಲ್ಲಿ, ಅಷ್ಟೇ ಭಾರದಲ್ಲಿ, ಟೈರಿಗೆ ಅಷ್ಟೇ ಗಾಳಿ ಹಾಕಿಸಿ ಇನ್ನೊಮ್ಮೆ ಓಡಿಸಿ ನೋಡಬೇಕು. ಹೊರಡುವಾಗಿನ ನಡುಕ ಹೋಗಿ 45ರ ಓಲಾಟ ಉಳಿದುಕೊಂಡಿದ್ದರೆ ಗಾಡಿಗಿದ್ದದ್ದು ಒಂದಲ್ಲ, ಎರಡು ಕಾಯಿಲೆ. ಹಾಳೆಯ ಹಿಂಬದಿಯಲ್ಲಿ ಎರಡನೆಯದರ ಲೆಕ್ಕ ಶುರುಮಾಡಬೇಕು.