ಕಸಬಾದಿಂದ ಬಂದ ಸಿನಿಮಾ

ಟರ್ಕಿಯ ಹೊಸ ನಿರ್ದೇಶಕರ ಚಿತ್ರಗಳನ್ನು ಓಕ್ಲ್ಯಾಂಡಿನ ಮನೆಯಲ್ಲೇ ಕೂತು ನೋಡುವ ದಿನ ಬಂದಿದೆ. ಇದಕ್ಕೆ ದಾರಿ ಮಾಡಿದವರಲ್ಲಿ ಒಬ್ಬರು ಇಜ್ಮಿರ್‌ನಲ್ಲಿ ಹುಟ್ಟಿದ ಎಫೆ ಚಕರೆಲ್. ಟೋಕಿಯೊದ ಕೆಫೆಯೊಂದರಲ್ಲಿ ಕೂತಿದ್ದಾಗ 'ಇನ್ ದ ಮೂಡ್ ಫಾರ್ ಲವ್' ನೋಡಬೇಕೆನಿಸಿ, ಎಷ್ಟು ಹುಡುಕಿದರೂ ಅಂತರ್ಜಾಲದಲ್ಲಿ ಸಿಗಲಿಲ್ಲವಂತೆ. ಆ ಕೊರತೆಯಿಂದಲೇ 2007ರಲ್ಲಿ ನಮ್ಮ ಕೊಲ್ಲಿಯ ಆಚೆ ದಡದ ಪಾಲೊ ಆಲ್ಟೊದಲ್ಲಿ ಅಂತರ್ಜಾಲದಲ್ಲಿ ಚಿತ್ರ ತೋರಿಸುವ ಅವರ ಸಂಸ್ಥೆ ಶುರುವಾಯಿತು. 2010ರಲ್ಲಿ ಅದಕ್ಕೆ 'ಮುಬಿ' ಎಂದು ಹೆಸರಾಯಿತು. ದಿನಕ್ಕೊಂದು ಚಿತ್ರ ಬರುವುದು, 30 ದಿನ ಇದ್ದು ಹೋಗುವುದು: ಬಹುಕಾಲ ಅದರ ಪದ್ಧತಿ ಇದೇ ಆಗಿತ್ತು. ವರ್ಷವಿಡೀ ನಡೆಯುವ ಚಿತ್ರೋತ್ಸವವೇ ಸರಿ.

ಟರ್ಕಿಯ ಹೊಸಬರ ಚಿತ್ರಗಳಿಗೆ ಪ್ರವೇಶ ಬೇಕೆಂದು ಕೇಳಿದವರಿಗೆ ನಾನು ಹೇಳುವುದು ನೂರಿ ಬಿಲ್ಗೆ ಜೇಲಾನ್ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ, 1997ರ 'ಕಸಬಾ'. ಹೌದು, ನಮ್ಮ ಕಂದಾಯ ಕಾಗದಗಳ 'ಕಸಬಾ ಹೋಬಳಿ'ಯ ಅದೇ ಕಸಬಾ, ಅರಬ್ಬಿಯಿಂದ ಎರಡೂ ಭಾಷೆಗೆ ಬಂದ ಪದ. ಕಥೆ ಅಕ್ಕನದು, ಕ್ಯಾಮೆರಾ ತನ್ನದೇ, ನಟಿಸಿದವರು ಅಪ್ಪ, ಅಮ್ಮ, ನೆಂಟರು. ಹಿಮ ಬೀಳುವ ಬೆಳಗ್ಗೆ ಹುಡುಗನೊಬ್ಬ ತಡವಾಗಿ ಶಾಲೆಗೆ ಬಂದು, ನೆಂದ ಕಾಲುಚೀಲವನ್ನು ಒಲೆಯ ಮೇಲೆ ಒಣಹಾಕುತ್ತಾನೆ. ಹನಿ ಬಿದ್ದಾಗಲೆಲ್ಲ ಚುಂಯ್ ಎನ್ನುವ ಸದ್ದು. ತರಗತಿಯ ಮೌನವೆಲ್ಲ ಆ ಸದ್ದಿಗೆ ಕಿವಿಗೊಟ್ಟಂತಿರುತ್ತದೆ. ಆಮೇಲೆ ರಾತ್ರಿ, ಜೋಳದ ಹೊಲದ ಬಳಿ ಬೆಂಕಿ ಸುತ್ತ ಕೂತು ಮನೆಯವರ ಮಾತು, ವಾದ, ಹಳೆಯ ನೋವು. ಇಷ್ಟೇ ಚಿತ್ರ. ಇದೇ ಜೇಲಾನ್‌ಗೆ 2014ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಬಂತು.

ಮಂಡ್ಯದ ಹಳ್ಳಿಗರನ್ನೇ ನಟರಾಗಿಸಿದ ರಾಮ್ ರೆಡ್ಡಿಯವರ ಮೊದಲ ಚಿತ್ರ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದದ್ದು ನೆನಪಾಗುತ್ತದೆ. ಓಕ್ಲ್ಯಾಂಡಿನ ಹುಡುಗ ರಯಾನ್ ಕೂಗ್ಲರ್ ಕೂಡ ತನ್ನ ಮೊದಲ ಚಿತ್ರಕ್ಕೆ ಊರು ಬಿಟ್ಟು ಹೋಗಲಿಲ್ಲ. 2009ರ ಹೊಸವರ್ಷದ ದಿನ ಪೊಲೀಸ್ ಗುಂಡಿಗೆ ಆಸ್ಕರ್ ಗ್ರಾಂಟ್ ಬಲಿಯಾದ ರೈಲು ನಿಲ್ದಾಣದಲ್ಲೇ 'ಫ್ರೂಟ್‌ವೇಲ್ ಸ್ಟೇಷನ್' ಚಿತ್ರಿಸಿದರು. 2013ರಲ್ಲಿ ಅದು ಸನ್‌ಡಾನ್ಸ್‌ನಲ್ಲಿ ತೀರ್ಪುಗಾರರ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಗೆದ್ದಿತು. ಮೊದಲ ಚಿತ್ರಕ್ಕೆ ದುಡ್ಡಿರುವುದಿಲ್ಲ, ನಿಜ. ಆದರೆ ಊರಿರುತ್ತದೆ, ಗುರುತಿನ ಮುಖಗಳಿರುತ್ತವೆ.

ಕನ್ನಡದ ಕಿವಿಗೆ ಇನ್ನೊಂದು ಸುಖವಿದೆ. ಟರ್ಕಿ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯ ಪದದ ಬಾಲಕ್ಕೇ ಅಂಟುತ್ತದೆ. ಮನೆ, ಮನೆಗಳು, ಮನೆಗಳಿಂದ ಎಂದ ಹಾಗೆ ಎವ್, ಎವ್ಲೆರ್, ಎವ್ಲೆರ್‌ದೆನ್. ತೆರೆಯ ಕೆಳಗಿನ ಇಂಗ್ಲಿಷ್ ಸಾಲು ಮಾತನ್ನು ತಿರುವುಮುರುವು ಮಾಡುತ್ತಿದ್ದರೂ ಕಿವಿ ಆ ಲಯವನ್ನು ಹಿಡಿಯುತ್ತದೆ.

ಆದರೂ ನನಗೆ ಲ್ಯಾಪ್‌ಟಾಪ್ ಸಾಲದು. ಇಲ್ಲಿ 1926ರಲ್ಲಿ ತೆರೆದ ಗ್ರ್ಯಾಂಡ್ ಲೇಕ್ ಚಿತ್ರಮಂದಿರವಿದೆ. ವಾರಾಂತ್ಯದ ಸಂಜೆ ಚಿತ್ರಕ್ಕೆ ಮುಂಚೆ ವುರ್ಲಿಟ್ಜರ್ ಆರ್ಗನ್ ನುಡಿಸುವ ರೂಢಿ ಅಲ್ಲಿಯದು. ಆರ್ಗನ್ ನಿಂತು, ದೀಪ ಆರಿ, ಆ ಕಾಲುಚೀಲದ ಹನಿಯ ಸದ್ದನ್ನು ಅಲ್ಲಿ ನೂರಾರು ಜನರ ನಡುವೆ ಕೂತು ಕೇಳಬೇಕೆಂಬ ಆಸೆ ನನಗಿದೆ.