ಅಜ್ಜಿಗೆ ಓದಿ ಹೇಳುವವರು ಯಾರು?

ಕೆಲವು ತಿಂಗಳ ಹಿಂದೆ ಹಲಸೂರಿನಲ್ಲಿರುವ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ತಮ್ಮ ಒಂಬತ್ತು ವರ್ಷದ ಮಗನನ್ನು ಅವರು ಶಾಲೆಗೆ ಕಳುಹಿಸುತ್ತಿಲ್ಲ. ತಂದೆತಾಯಿಗಳಿಬ್ಬರೂ ಸೇರಿ ಮನೆಯಲ್ಲಿಯೇ ಪಾಠ ಹೇಳುತ್ತಾರೆ. ಗೋಡೆಯ ಮೇಲೆ ವೇಳಾಪಟ್ಟಿ, ಕಪಾಟಿನ ತುಂಬ ಬಣ್ಣಬಣ್ಣದ ಇಂಗ್ಲಿಷ್ ಪುಸ್ತಕಗಳು. ಯಾವುದಕ್ಕೂ ಕೊರತೆಯಿಲ್ಲ.

“ಲೆಕ್ಕ ಮಾಡುತ್ತಾನೆ, ಚಿತ್ರ ಬರೆಯುತ್ತಾನೆ. ಪುಸ್ತಕವೆಂದರೆ ಮಾತ್ರ ಎದ್ದು ಓಡುತ್ತಾನೆ. ಏನು ಮಾಡೋಣ ಹೇಳಿ, ಮೇಷ್ಟ್ರೇ?” ಎಂದು ಹುಡುಗನ ತಾಯಿ ಕೇಳಿದರು.

ಒಳಕೋಣೆಯಿಂದ ಅಜ್ಜಿಯ ದನಿ ಬಂದಿತು: “ನನ್ನ ಕಣ್ಣಿಗೆ ಪೊರೆ ಬಂದು ಆರು ತಿಂಗಳಾಯಿತು ನೋಡಪ್ಪಾ. ಈ ಮನೆಯಲ್ಲಿ ನನಗೆ ನಾಲ್ಕು ಸಾಲು ಕನ್ನಡ ಓದಿ ಹೇಳುವವರಿಲ್ಲ.”

ಎರಡು ದೂರುಗಳಿಗೂ ಮದ್ದು ಒಂದೇ ಎಂದು ಆಗಲೇ ನನಗೆ ತೋರಿತು.

ಮಗುವನ್ನು ಮನೆಯಲ್ಲಿ ಓದಿಸುವುದು ಸರಿಯೆ, ತಪ್ಪೆ ಎಂಬ ಚರ್ಚೆ ಇಲ್ಲಿ ಬೇಡ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದೆ. ಮನೆಯ ಶಿಕ್ಷಣದ ಹೆಸರನ್ನು ಅದು ಎತ್ತುವುದಿಲ್ಲ. ಹೀಗೆ ಕಲಿತವರು 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪರೀಕ್ಷೆಗೆ ದಾರಿಯುಂಟು. ಓದಿನ ಒಲವಿಗೆ ಅಂಥ ರಾಜಮಾರ್ಗವಿಲ್ಲ. ಅದು ಮನೆಯಲ್ಲಿಯೇ ಹುಟ್ಟಬೇಕು.

ಮನೆಯ ಪಾಠ ನಮಗೆ ಹೊಸದೂ ಅಲ್ಲ. ಕುವೆಂಪು ಅವರ ಮೊದಲ ವಿದ್ಯಾಭ್ಯಾಸ ನಡೆದದ್ದು ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಐಗಳ ಬಳಿ. ತೀರ್ಥಹಳ್ಳಿಯ ಶಾಲೆ ಆಮೇಲಿನ ಮಾತು. ಆ ಕಾಲದ ಮನೆಗಳಲ್ಲಿ ಹಗಲು ಪಾಠವಾದರೆ ರಾತ್ರಿ ಭಾರತ, ರಾಮಾಯಣಗಳ ವಾಚನ. ಹಗಲಿನ ಓದಿಗೆ ಬೆತ್ತವಿತ್ತು. ರಾತ್ರಿಯ ಓದಿಗೆ ಬೆತ್ತವೂ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಕೇಳುತ್ತ ಕೇಳುತ್ತ ನಿದ್ದೆ ಹೋದರೂ ಬೈಯುವವರಿರಲಿಲ್ಲ.

ನನ್ನ ಮಿತ್ರರ ಮನೆಯಲ್ಲಿ ತಪ್ಪಿದ್ದು ಇದೇ. ಶಾಲೆಗೆ ಹೋಗುವ ಮಗುವಿಗೆ ಸಂಜೆ ಪಾಠದಿಂದ ಬಿಡುಗಡೆಯುಂಟು; ಮೇಷ್ಟ್ರು ಬೇರೆ, ಅಮ್ಮ ಬೇರೆ. ಮನೆಯೇ ಶಾಲೆಯಾದಾಗ ಅಮ್ಮನೇ ಪರೀಕ್ಷಕಿಯಾಗುತ್ತಾಳೆ. ಕಥೆ ಮುಗಿಯಿತೋ ಇಲ್ಲವೋ, “ಇದರ ನೀತಿಯೇನು? ಈ ಪದದ ಅರ್ಥವೇನು?” ಎಂಬ ಪ್ರಶ್ನೆಗಳು ಸಿದ್ಧ. ಹೀಗಾದರೆ ಮನೆಯ ಪ್ರತಿಯೊಂದು ಪುಸ್ತಕಕ್ಕೂ ಪಾಠದ ವಾಸನೆ ಹತ್ತುತ್ತದೆ. ಹುಡುಗ ಓಡದೆ ಇನ್ನೇನು ಮಾಡಿಯಾನು?

ಜಿ. ಪಿ. ರಾಜರತ್ನಂ ಈ ಮರ್ಮವನ್ನು ಬಲ್ಲವರು. ಕನ್ನಡದಲ್ಲಿ ಎಂ.ಎ. ಪದವಿ ಪಡೆದಿದ್ದ ಅವರು ಚಿಕ್ಕ ಮಕ್ಕಳಿಗೆ ಪಾಠ ಹೇಳಬೇಕಾಗಿ ಬಂದಾಗ, ಪಠ್ಯದ ಪದ್ಯಗಳು ಎಳೆಯ ನಾಲಗೆಗೆ ಒಗ್ಗದ್ದನ್ನು ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’ ಇಂದಿಗೂ ಮಕ್ಕಳ ಬಾಯಲ್ಲಿದೆ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದುದು ಮಕ್ಕಳ ಕುತೂಹಲವನ್ನು ತಣಿಸಲೆಂದು, ಪರೀಕ್ಷೆಗೆಂದಲ್ಲ.

ಪೂರ್ವ ಬೆಂಗಳೂರಿನಲ್ಲಿ ಇನ್ನೊಂದು ತೊಡಕುಂಟು. 1809ರಲ್ಲಿ ಸೈನ್ಯದ ನೆಲೆಯಾಗಿ ಹುಟ್ಟಿದ ದಂಡು ಪ್ರದೇಶ 1949ರಲ್ಲಿ ನಗರದೊಂದಿಗೆ ಒಂದೇ ಕಾರ್ಪೊರೇಷನ್ನಿನಡಿ ಸೇರಿತು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹತ್ತು ನಿಮಿಷ ನಿಂತರೆ ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ನಾಲ್ಕೂ ಕಿವಿಗೆ ಬೀಳುತ್ತವೆ. ಇದು ಭಾಗ್ಯವೇ ಸರಿ. ಆದರೆ ಇಲ್ಲಿ ಮನೆಯಲ್ಲಿಯೇ ಕಲಿಯುವ ಮಗುವಿಗೆ ಕನ್ನಡ ಓದಿಸುವ ಶಾಲೆಯಿಲ್ಲ. ತಂದೆತಾಯಿಗಳೂ ಮರೆತರೆ ಅದು ಅಜ್ಜಿಯ ಮಾತನ್ನಷ್ಟೇ ಬಲ್ಲದು, ಅಜ್ಜಿಯ ಅಕ್ಷರವನ್ನು ಅರಿಯದು. ಕುವೆಂಪು ಅವರ ಮೊದಲ ಕವನ ಸಂಕಲನ 1922ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿತ್ತು. ನಿಮ್ಮ ನುಡಿಯಲ್ಲಿ ಬರೆಯಿರೆಂದು ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಆ ಮಾತು ನಮ್ಮ ಮಕ್ಕಳ ಓದಿಗೂ ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ವೇಳಾಪಟ್ಟಿಯಿಂದ ಕಥೆಪುಸ್ತಕವನ್ನು ತೆಗೆದುಹಾಕಿ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ. ಕುತೂಹಲ ಕೆರಳಿದೆಡೆ ನಿಲ್ಲಿಸಿ. ಧಾರಾವಾಹಿಗಳ ಈ ಹಳೆಯ ಉಪಾಯವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಓದಿದ ಮೇಲೆ ಏನನ್ನೂ ಕೇಳಬೇಡಿ. ಕೇಳುವ ಹಕ್ಕು ಮಗುವಿನದಾಗಿರಲಿ. ನೀವು ಕೈಯಲ್ಲಿ ಫೋನು ಹಿಡಿದು “ಪುಸ್ತಕ ಓದು” ಎಂದರೆ ಯಾವ ಮಗುವೂ ನಂಬದು.

ಅಕ್ಷರದ ಅಭ್ಯಾಸ ಬೀದಿಯಲ್ಲಾಗಲಿ. ಕೆ. ಆರ್. ಪುರದಿಂದ ಮೆಟ್ರೊ ಹತ್ತಿ ಇಂದಿರಾನಗರ, ಹಲಸೂರು, ಟ್ರಿನಿಟಿ ಎಂದು ನಿಲ್ದಾಣಗಳ ಕನ್ನಡ ಫಲಕಗಳನ್ನು ಓದಿಸುತ್ತ ಬನ್ನಿ. ಇಳಿದು ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯವನ್ನು ತೋರಿಸಿ. ಪುಸ್ತಕದ ಆಯ್ಕೆ ಮಗುವಿನದಾಗಿರಲಿ. ಅದು ಅರ್ಧಕ್ಕೆ ಬಿಟ್ಟರೂ ಬಿಡಲಿ. 2004ರಲ್ಲಿ ಈ ಊರಿನಲ್ಲಿಯೇ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಕಡಿಮೆ ಬೆಲೆಗೆ ಕನ್ನಡ ಚಿತ್ರಕಥೆಗಳನ್ನು ಒದಗಿಸುತ್ತಿದೆ. ಈಗ ನಿಂತುಹೋಗಿರುವ ‘ಚಂದಮಾಮ’ದ ಹಳೆಯ ಸಂಚಿಕೆಗಳು ಸಿಕ್ಕರೆ ಬಿಡಬೇಡಿ.

ಕೊನೆಯದಾಗಿ, ಓದಿಗೆ ಒಬ್ಬ ಕೇಳುಗ ಬೇಕು. ನನ್ನ ಮಿತ್ರರಿಗೆ ನಾನು ಹೇಳಿದ್ದು ಇಷ್ಟೆ: “ಪಾಠವೆನ್ನಬೇಡಿ. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ದಿನಕ್ಕೆ ಅರ್ಧ ಪುಟ ಓದಿ ಹೇಳು ಎನ್ನಿ.”

ಮೊನ್ನೆ ಮತ್ತೆ ಹೋದಾಗ ಹುಡುಗ ಅಜ್ಜಿಯ ಮಂಚದ ಮೇಲೆ ಕುಳಿತು ಒತ್ತಕ್ಷರಗಳಲ್ಲಿ ಎಡವುತ್ತ ತೆನಾಲಿ ರಾಮಕೃಷ್ಣನ ಕಥೆಯನ್ನು ಓದುತ್ತಿದ್ದ. ಅಜ್ಜಿ ತಿದ್ದುತ್ತಿರಲಿಲ್ಲ, ನಗುತ್ತಿದ್ದರು. ಅವರ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು ತಿಂಗಳಾಗಿತ್ತೆಂದೂ ಈಗ ಸಣ್ಣ ಅಕ್ಷರವೂ ಕಾಣುವುದೆಂದೂ ಮನೆಯಾಕೆ ನನ್ನ ಕಿವಿಯಲ್ಲಿ ಹೇಳಿದರು. ಹೊಸ ಕನ್ನಡಕ ಮಾತ್ರ ತಲೆದಿಂಬಿನ ಕೆಳಗೆ ಅಡಗಿ ಕುಳಿತಿತ್ತು.